ಹಸಿರು ದೀಪ ಬಿದ್ದ ಮೇಲೆ

ನಾನು ಠಾಣೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನಮ್ಮಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗಲು ಎಂಟು ದಿನ ಹಿಡಿದರೂ ಯಾರೂ ಹಾರ್ನ್ ಬಾರಿಸುವುದಿಲ್ಲ. ಇಂಥ ಶಾಂತ ವಾತಾವರಣದಲ್ಲಿ ಬೆಳೆದ ನನಗೆ ತೀನ್ ಹಾತ್ ನಾಕಾದಲ್ಲಿ ಹಸಿರು ದೀಪ ಬಿದ್ದೊಡನೆ ಬೆನ್ನ ಹಿಂದೆ ಏಳುವ ಆರ್ಭಟ ಎಷ್ಟು ಭಯಂಕರವೆಂಬುದನ್ನು ವಾಚಕರೇ ಊಹಿಸಬೇಕು.

ನನ್ನದು ಒಂದು ಲೀಟರ್ ಎಂಜಿನ್ನಿನ, ಐದು ಗೇರಿನ ಹಳೆಯ ಕಾರು. ಕಲ್ಯಾಣದ ನೋಂದಣಿ, ಎಂ.ಎಚ್. 05, ನಾನು ಮೂರನೆಯ ಯಜಮಾನ. ಕಚೇರಿಗೆ ಡೊಂಬಿವಿಲಿಯಿಂದ ಲೋಕಲ್ ರೈಲೇ ಗತಿ. ಕಾರು ಭಾನುವಾರಕ್ಕೆ, ಹಬ್ಬಕ್ಕೆ, ವರ್ಷಕ್ಕೊಮ್ಮೆ ಧಾರವಾಡಕ್ಕೆ. ಅದರ ಸ್ವಭಾವ ವಿಚಿತ್ರ. ಹಸಿರು ದೀಪ ಕಂಡಾಗ ಎಂಜಿನ್ನು ಗರ್ಜಿಸುತ್ತಿತ್ತು, ಕಾರು ಮಾತ್ರ ವಿಚಾರ ಮಾಡುತ್ತ ನಿಲ್ಲುತ್ತಿತ್ತು. ಹಾರ್ನುಗಳನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಕಳೆದ ಆಷಾಢದ ಒಂದು ರಾತ್ರಿ ನಡೆಯಿತು.

ಅಪ್ಪನಿಗೆ ಉಸಿರು ಕಟ್ಟಿದಂತಾಯಿತು. ಹಿಂದಿನ ಸೀಟಿನಲ್ಲಿ ಮಲಗಿಸಿ, ಕಲ್ಯಾಣದ ಆಸ್ಪತ್ರೆಗೆಂದು ಮಳೆಯಲ್ಲಿ ಹೊರಟೆ. ದಾರಿಯಲ್ಲಿ ಪತ್ರಿ ಪೂಲ್. ಹಳೆಯ ಸೇತುವೆಯನ್ನು 2018ರಲ್ಲಿ ಕೆಡವಿ, 2021ರ ಜನವರಿಯಲ್ಲಿ ಹೊಸದನ್ನು ತೆರೆದ ಸಂಗತಿ ಇಲ್ಲಿನವರಿಗೆಲ್ಲ ಗೊತ್ತು. ಆ ಏರಿನಲ್ಲಿ ವಾಹನಗಳ ಸಾಲು ನಿಂತಿತು, ನಾನೂ ನಿಂತೆ. ಸಾಲು ಚಲಿಸಿತು, ನಾನು ಚಲಿಸಲಿಲ್ಲ. ಎಂಜಿನ್ನು ಕೂಗಿತು, ಸುಟ್ಟ ವಾಸನೆ ಬಂತು, ಕಾರು ಹಿಂದಕ್ಕೆ ಜಾರಿತು. ಇಬ್ಬರು ರಿಕ್ಷಾದವರು ಇಳಿದು ಬಂದು ತಳ್ಳಿದರು. ಅಪ್ಪ ಎರಡು ದಿನದಲ್ಲಿ ಗುಣವಾಗಿ ಮನೆಗೆ ಬಂದರು. ಆದರೆ ಆ ನಾಲ್ಕೈದು ನಿಮಿಷಗಳು ನನ್ನ ನಿದ್ದೆಯೊಳಗೆ ಬಂದು ಕೂತವು.

ನನ್ನ ಹೆಂಡತಿಯ ತಮ್ಮ ನೆರುಳದಲ್ಲಿದ್ದಾನೆ, ಮೋಟಾರಿನ ಹುಚ್ಚಿನವನು. ಅವನ ಅಭಿಪ್ರಾಯದಲ್ಲಿ ದೋಷವೆಲ್ಲ ಗೇರ್‌ಬಾಕ್ಸಿನದು. ಅವನು ಹೇಳಿದ್ದನ್ನೆಲ್ಲ ನಾನು ಅಭ್ಯಾಸಬಲದಿಂದ ಒಂದು ಕಡತ ತೆರೆದು, ಟಿಪ್ಪಣಿ ಬರೆದುಕೊಂಡೆ. ನಾನು ಇತಿಹಾಸದ ಬಿ.ಎ.; ನನಗೆ ತಿಳಿದರೆ ಯಾರಿಗೂ ತಿಳಿದೀತು.

ಮೊದಲನೆಯ ಉಪಾಯ, ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೊನೆಯ ಹಲ್ಲುಗಾಲಿಗಳನ್ನು ಬದಲಿಸುವುದು. ಒಂದನೆಯ ಗೇರಿನ ಅನುಪಾತ 3.5, ಕೊನೆಯದು 4.1 ಎನ್ನೋಣ. ಗುಣಿಸಿದರೆ 14.35, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ನು ಹದಿನಾಲ್ಕಕ್ಕೂ ಹೆಚ್ಚು ಸುತ್ತು ತಿರುಗಬೇಕು. ಕೊನೆಯದನ್ನು 4.5 ಮಾಡಿದರೆ 15.75. ಹೊರಡುವಾಗಿನ ಎಳೆತ ನೂರಕ್ಕೆ ಸುಮಾರು 10 ಹೆಚ್ಚಿತು. ಆದರೆ ಪುಕ್ಕಟೆಯಾಗಿ ಅಲ್ಲ. ಧಾರವಾಡದ ಹೆದ್ದಾರಿಯಲ್ಲಿ ಎಂಜಿನ್ನು 3,000 ಸುತ್ತಿನಲ್ಲಿ ಓಡುತ್ತಿದ್ದ ವೇಗಕ್ಕೇ ಇನ್ನು ಸುಮಾರು 3,300 ಸುತ್ತು ಬೇಕು. ಸದ್ದೂ ಹೆಚ್ಚು, ಪೆಟ್ರೋಲೂ ಹೆಚ್ಚು.

ಎರಡನೆಯದು, ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಇದರಲ್ಲಿ ಎಂಜಿನ್ನಿನ ಗಾಲಿ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆ ಎದುರಿನ ಗಾಲಿಯನ್ನು ತಿರುಗಿಸುತ್ತದೆ. ಹೊರಡುವ ಹೊತ್ತಿನಲ್ಲಿ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುವುದೂ ಉಂಟು. ಅಮೆರಿಕದ ಪಂದ್ಯದ ಕಾರುಗಳಲ್ಲಿ ಎಂಜಿನ್ನು ಮೊದಲು ರಭಸವಾಗಿ ತಿರುಗಿ, ಆಮೇಲೆ ಕಾರು ನೆಗೆಯುವಂತೆ ಈ ಕನ್ವರ್ಟರನ್ನೇ ಮಾರ್ಪಡಿಸುತ್ತಾರಂತೆ. ಅದು ನಾಕಾದಿಂದ ನಾಕಾಕ್ಕೆ ತೆವಳುವ ಘೋಡಬಂದರ್ ರಸ್ತೆಯಲ್ಲಿ ಎಣ್ಣೆಯನ್ನು ಕಾಯಿಸುವುದೇ ಹೆಚ್ಚು. ಮೂರನೆಯದು ಎರಡು ಕ್ಲಚ್ಚಿನ ಪೆಟ್ಟಿಗೆ: ಬೆಸ ಗೇರುಗಳಿಗೆ ಒಂದು, ಸಮ ಗೇರುಗಳಿಗೆ ಇನ್ನೊಂದು. ಚುರುಕೇನೋ ಹೌದು, ನನ್ನ ಕಾರಿಗೆ ಕೂಡಿಸುವುದೆಂದರೆ ಮುದಿ ಎತ್ತಿಗೆ ಬೆಳ್ಳಿಯ ಲಾಳ ಹೊಡೆದಂತೆ.

ಇದರ ಮೇಲೆ ಕಾಯದೆ ಬೇರೆ. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ಸರಕಾರಿ ಗುಮಾಸ್ತನು ಕಲಮುಗಳಿಗೆ ಅಂಜದೆ ಇನ್ನು ಯಾರು ಅಂಜಬೇಕು?

ಆದರೂ ಆ ರಾತ್ರಿಯ ಭಯ ದೊಡ್ಡದು. ಹಲ್ಲುಗಾಲಿ ಬದಲಿಸಿ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಕಟ್ಟಲು ಅರವತ್ತು ಸಾವಿರವೆಂದು ಮೈದುನ ಲೆಕ್ಕ ಕೊಟ್ಟ. ಮನೆಯಲ್ಲಿ ಅಷ್ಟೇ ಹಣ ಇತ್ತು; ಅದು ಅಪ್ಪನ ಕಣ್ಣಿನ ಪೊರೆ ತೆಗೆಸಲು ಕೂಡಿಟ್ಟದ್ದು.

“ಅಲ್ರೀ, ಗಾಡಿಗೆ ಕಾಲು ಬರಸಾಕ ಅಪ್ಪಾರ ಕಣ್ಣ ತಗೀತೀರೇನು?” ಎಂದಳು ನನ್ನ ಹೆಂಡತಿ.

ಅಪ್ಪ ಒಳಗಿನಿಂದ ಕೇಳಿಸಿಕೊಂಡರು. “ನನ್ನ ಕಣ್ಣ ಇನ್ನೊಂದ ವರ್ಷ ತಡೀತಾವ. ಮೊದಲ ಗಾಡಿ ಮಾಡಸಪಾ,” ಎಂದರು.

ಹಣ ಕೊಡುವ ಮುನ್ನ, ಎರಡನೆಯ ಅಭಿಪ್ರಾಯ ಇರಲೆಂದು ಡೊಂಬಿವಿಲಿಯ ನಮ್ಮ ಓಣಿಯ ಮಿಸ್ತ್ರಿಗೆ ಕಾರನ್ನು ತೋರಿಸಿದೆ. ಅವನು ಎಂ.ಐ.ಡಿ.ಸಿ.ಯ ಖಾಲಿ ರಸ್ತೆಗೆ ಒಯ್ದು, ನಾಲ್ಕನೆಯ ಗೇರಿನಲ್ಲಿ ಓಡಿಸುತ್ತ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದ. ಎಂಜಿನ್ನಿನ ದನಿ ಏರಿತು. ವೇಗದ ಮುಳ್ಳು ಏರಲಿಲ್ಲ.

“ಸಾಹೇಬ್, ಕ್ಲಚ್ ಪ್ಲೇಟು ಸವೆದಿದೆ. ಜೋರೆಲ್ಲ ಅಲ್ಲಿಯೇ ಜಾರಿಹೋಗುತ್ತಿದೆ. ಮುಂದೆ ಎಂಥ ಗೇರು ಕೂಡಿಸಿದರೇನು?” ಎಂದ. ಆಮೇಲೆ ಕೇಳಿದ: “ಓಡಿಸುವಾಗ ಎಡಗಾಲು ಎಲ್ಲಿಡುತ್ತೀರಿ?”

ಪೆಡಲಿನ ಮೇಲೆಯೇ ಎಂದೆ. ಅವನು ನಕ್ಕ. ಕಾಲಿನ ಆ ಸಣ್ಣ ಭಾರಕ್ಕೇ ಪ್ಲೇಟಿನ ಹಿಡಿತ ಸಡಿಲಾಗಿ, ತಿಕ್ಕಿ ಸವೆಯುತ್ತದಂತೆ. ಬಿಚ್ಚಿ ತೋರಿಸಿದಾಗ ರಿವೆಟ್ಟುಗಳು ಹೊರಗೆ ಕಾಣುತ್ತಿದ್ದವು. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಹೊಸ ಕೇಬಲು, ಕೂಲಿ ಎಲ್ಲ ಸೇರಿ ಏಳು ಸಾವಿರ ರೂಪಾಯಿ.

“ಮನೆಯಲ್ಲಿ ಗಾಡಿ ಬಲ್ಲವರು ಯಾರೂ ಇಲ್ಲವೆ?” ಎಂದು ಮಿಸ್ತ್ರಿ ಸಹಜವಾಗಿ ಕೇಳಿದ. ನಾನು ತಲೆ ತಗ್ಗಿಸಿದೆ. ನಮ್ಮಪ್ಪ ಮೂವತ್ತು ವರ್ಷ ಮುಂಬಯಿಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಓಡಿಸಿದವರು. ಸ್ಟಿಯರಿಂಗಿನ ಪಕ್ಕದಲ್ಲಿ ಗೇರಿನ ಕಡ್ಡಿ ಇದ್ದ ಕಾರು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟ ದಿನ ಅವರು ಊಟ ಬೇಡವೆಂದಿದ್ದರು. ಯುಗಾದಿಗೆ ಮುಂಚೆಯೇ ಅವರು, “ಕ್ಲಚ್ ವಾಸನಿ ಬರಾಕತ್ತೇದ, ತೋರಸು,” ಎಂದಿದ್ದರು. ಹಳೆಯ ಕಾಲದವರ ಮಾತೆಂದು ನಾನು ಬಿಟ್ಟುಬಿಟ್ಟಿದ್ದೆ. ಅವರು ಟ್ಯಾಕ್ಸಿ ಓಡಿಸಿ ನನ್ನನ್ನು ಬಿ.ಎ. ಓದಿಸಿದ್ದು ಇದಕ್ಕಾಗಿ ಅಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಏರಿನ ಪಾಠ ಕಲಿತೆ. “ಹ್ಯಾಂಡ್‌ಬ್ರೇಕ್ ಎಳಿ. ಸ್ವಲ್ಪ ರೇಸ್ ಕೊಡು. ಕ್ಲಚ್ ಸಾವಕಾಶ ಬಿಡು. ಭಾರ ಬಿದ್ದಕೂಡ್ಲೆ ಎಂಜಿನ್ನಿನ ದನಿ ಇಳೀತದ, ಕೇಳು. ಆವಾಗ ಬ್ರೇಕ್ ಬಿಡು.” ಪೊರೆ ಬಂದ ಕಣ್ಣು ಮುಚ್ಚಿ, ಕಿವಿಯಿಂದಲೇ ಪಾಠ ಹೇಳಿದರು.

ಹೊಸ ಕಾರು ಕೊಳ್ಳುವವರಿಗೆ ನನ್ನ ಕಡತದಿಂದ ಎರಡು ಮಾತು. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿಗೆ ಬಂದ ಎ.ಎಂ.ಟಿ. ಎಂಬುದು ಎಡಗಾಲಿಗೆ ವಿಶ್ರಾಂತಿ ಕೊಡುತ್ತದೆ, ಜಿಗಿತವನ್ನಲ್ಲ. ಒಳಗೆ ಅದೇ ಕ್ಲಚ್ಚು, ಅದೇ ಗೇರು, ಒತ್ತುವುದು ಮಾತ್ರ ಯಂತ್ರ. ಥಟ್ಟನೆ ಹೊರಡುವುದೇ ಮುಖ್ಯವಾದರೆ ವಿದ್ಯುತ್ ಕಾರನ್ನು ನೋಡಬಹುದು. ನಿಂತಲ್ಲಿಂದಲೇ ಅದರ ಮೋಟಾರು ಪೂರ್ಣ ಎಳೆತ ಕೊಡುತ್ತದೆ. ಬದಲಿಸುವ ಗೇರುಗಳ ಗೋಜೇ ಸಾಮಾನ್ಯವಾಗಿ ಇಲ್ಲ. ಇದೇನು ಹೊಸ ಮಾಯೆಯಲ್ಲ. ಮುಂಬಯಿಯಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಹೋಯಿತು. ಅಂದಿನಿಂದ ಲೋಕಲ್ಲು ಕ್ಲಚ್ಚಿಲ್ಲದೆಯೇ ಹೊರಡುತ್ತಿದೆ. ಬಾಗಿಲಲ್ಲಿ ಜೋತವರಿಗೆ ಅದರ ಜಿಗಿತ ಚೆನ್ನಾಗಿ ಗೊತ್ತು. ಹಳೆಯ ಕಾರಿದ್ದವರು ಮಾತ್ರ ಗೇರ್‌ಬಾಕ್ಸಿಗೆ ಕೈಹಾಕುವ ಮೊದಲು ಕ್ಲಚ್ಚನ್ನೂ, ತಮ್ಮ ಎಡಗಾಲನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.

ದಸರೆಗೆ ಮೊದಲೇ ಅಪ್ಪನ ಒಂದು ಕಣ್ಣಿನ ಶಸ್ತ್ರಕ್ರಿಯೆ ಕಲ್ಯಾಣದಲ್ಲಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡ ಅವರನ್ನು ಕರೆತರುವಾಗ ಪತ್ರಿ ಪೂಲ್‌ನ ಏರಿನಲ್ಲಿ ಮತ್ತೆ ಸಾಲು ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದೆ. ಸಾಲು ಚಲಿಸಿದಾಗ ದನಿ ಇಳಿಯುವುದನ್ನು ಕೇಳಿ, ಬ್ರೇಕ್ ಬಿಟ್ಟೆ. ಕಾರು ಒಂದು ಅಂಗುಲವೂ ಹಿಂದೆ ಸರಿಯದೆ ಮುಂದೆ ಹೋಯಿತು. ಹಿಂದಿನವನು ಹಾರ್ನ್ ಬಾರಿಸಿದನೋ ಇಲ್ಲವೋ ನನಗೆ ನೆನಪಿಲ್ಲ.

“ಈಗ ಹೊಂಟಿ ನೋಡು,” ಎಂದರು ಅಪ್ಪ.