ಕೆಂಚನ ಸಂಕ

ದೋಣಿ ಅಂದ ಕೂಡಲೇ ಅಮ್ಮನಿಗೆ ನೆನಪಾಗೋದು ಸಿಗಂದೂರಿನ ಲಾಂಚು. ಇಂಗ್ಲೆಂಡಿನಲ್ಲಿ ಬಾಡಿಗೆ ರೂಮು ಬಿಟ್ಟು ದೋಣಿ ತಗೊಂಡೆ ಅಂತ ನಾನು ಫೋನಿನಲ್ಲಿ ಹೇಳಿದಾಗ ಆಕೆ ಮೊದಲು ಕೇಳಿದ್ದು, "ಅದ್ರಲ್ಲಿ ಬಸ್ಸೂ ಹತ್ತುತ್ತಾ?" ಅಂತ. ಬಸ್ಸು ಹತ್ತೋದು ಹಾಗಿರಲಿ, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಅಗಲ 6 ಅಡಿ 10 ಇಂಚು, ಉದ್ದ 57 ಅಡಿ. ನಮ್ಮ ಸಾಗರದ ಮನೆಯ ಜಗಲಿಯನ್ನು ಎಳೆದು ಉದ್ದ ಮಾಡಿ ನೀರಿಗೆ ಬಿಟ್ಟ ಹಾಗೆ.

ದೋಣಿಗೆ ಬಂದಿದ್ದು ಸಾಹಸಕ್ಕಲ್ಲ, ನಾಯಿಗಾಗಿ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ನಮ್ಮ ಪಿಜಿಯ ಪಾರ್ಕಿಂಗಿನಲ್ಲಿ ಸಿಕ್ಕ ಕೆಂಪು ಮರಿ ಕೆಂಚ. ಮಾಮೂಲಿ ಬೀದಿ ನಾಯಿ. 2022ರಲ್ಲಿ ನನಗೆ ಮಿಲ್ಟನ್ ಕೀನ್ಸ್‌ನಲ್ಲಿ ಕೆಲಸ ಸಿಕ್ಕಿತು, ಅವನನ್ನು ಊರಿನಲ್ಲಿ ಅಪ್ಪನ ಹತ್ತಿರ ಬಿಟ್ಟು ಬಂದೆ. "ಆರು ತಿಂಗಳಲ್ಲಿ ಕರೆಸ್ಕೊಳ್ತೀನಿ" ಅಂದಿದ್ದೆ. ಇಲ್ಲಿ ಮನೆ ಹುಡುಕಲು ಶುರು ಮಾಡಿದ ಮೇಲೆ ಗೊತ್ತಾಯಿತು, ನಾಯಿ ಇದೆ ಅಂದ ಕೂಡಲೇ ಏಜೆಂಟರ ಧ್ವನಿಯೇ ಬದಲಾಗುತ್ತೆ ಅಂತ. ಹತ್ತೊಂಬತ್ತು ಮನೆಗೆ ಅರ್ಜಿ ಹಾಕಿ ಹತ್ತೊಂಬತ್ತು ಕಡೆಯೂ ಇಲ್ಲ ಅನ್ನಿಸಿಕೊಂಡೆ. ದೋಣಿಯಲ್ಲಿ ವಾಸ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು, "ನನಗೆ ಮನೆ ಓನರೇ ಇಲ್ಲ" ಅಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. 2024ರ ಮಾರ್ಚಿನಲ್ಲಿ ಉಳಿತಾಯ ಎಲ್ಲ ಸುರಿದು ಸೆಕೆಂಡ್ ಹ್ಯಾಂಡ್ ನ್ಯಾರೋಬೋಟ್ ಒಂದನ್ನು ಕೊಂಡೆ.

ಇಷ್ಟು ಕಿರಿದಾಗಿ ಯಾಕೆ ಮಾಡ್ತಾರೆ ಅಂತ ಎಲ್ಲರೂ ಕೇಳ್ತಾರೆ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ನೀರು, ಖರ್ಚು ಎರಡೂ ಉಳೀಲಿ ಅಂತ ಸುಮಾರು ಏಳು ಅಡಿ ಅಗಲದ ಲಾಕ್‌ಗಳನ್ನು ಕಟ್ಟಿಸಿದ. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತಾರೆ. ನಾನಿರುವ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಲಾಕ್‌ಗಳು ಇದರ ಎರಡರಷ್ಟು ಅಗಲ ಇವೆ. ಆದರೂ ದೇಶ ಪೂರ್ತಿ ಓಡಾಡಬೇಕು ಅಂದರೆ ದೋಣಿ ಏಳಡಿಯೊಳಗೇ ಇರಬೇಕು. ನಮ್ಮ ಕಸುಬಿನ ಭಾಷೆಯಲ್ಲಿ ಇನ್ನೂರೈವತ್ತು ವರ್ಷದ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ.

ಕೆಂಚನನ್ನು ಕರೆಸೋದು ದೋಣಿ ಕೊಳ್ಳೋದಕ್ಕಿಂತ ಕಷ್ಟವಾಯಿತು. ಮೈಕ್ರೋಚಿಪ್, ರೇಬೀಸ್ ಲಸಿಕೆ, ಮೂವತ್ತು ದಿನ ಬಿಟ್ಟು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಆಮೇಲೆ ವಿಮಾನದಲ್ಲಿ ಕಾರ್ಗೋ ಆಗಿ ಬರಬೇಕು. ಆಗಸ್ಟಿನಲ್ಲಿ ಹೀಥ್ರೂನಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದಾಗ ಅವನು ನನ್ನನ್ನು ಮೂಸಿ, ಒಂದು ನಿಮಿಷ ಯೋಚನೆ ಮಾಡಿ, ಆಮೇಲೆ ಬಾಲ ಆಡಿಸಿದ. ಆ ಒಂದು ನಿಮಿಷ ಇನ್ನೂ ಮರೆತಿಲ್ಲ.

ಸೆಪ್ಟೆಂಬರಿನಲ್ಲಿ ಬೆಳ್ಳಿ ಬಂದಳು. ಓಟದ ಪಂದ್ಯದಿಂದ ನಿವೃತ್ತಿಯಾದ ಗ್ರೇಹೌಂಡ್, ನಾಲ್ಕು ವರ್ಷ. ಕೆನಲ್ಲಿನಲ್ಲೇ ಬೆಳೆದವಳಾದ್ದರಿಂದ ಮೆಟ್ಟಿಲು ಅನ್ನೋದನ್ನೇ ನೋಡಿರಲಿಲ್ಲ. ದೋಣಿಯೊಳಕ್ಕೆ ಇರೋದು ನಾಲ್ಕೇ ಮೆಟ್ಟಿಲು, ಆದರೆ ಏಣಿಯ ಹಾಗೆ ಕಡಿದಾದವು. ಮೊದಲ ವಾರ ಒಂದೊಂದು ಮೆಟ್ಟಿಲಿನ ಮೇಲೂ ಕೋಳಿ ಚೂರು ಇಟ್ಟು, ಒಂದೊಂದು ಕಾಲನ್ನು ಕೈಯಿಂದಲೇ ಇಳಿಸಿ ಕಲಿಸಿದೆ. ಓಣಿಯಲ್ಲಿ ಅವಳಿಗೆ ತಿರುಗೋಕೆ ಜಾಗ ಇಲ್ಲ, ಅಡುಗೆಮನೆ ತನಕ ಬಂದರೆ ರಿವರ್ಸ್‌ನಲ್ಲೇ ವಾಪಸ್ ಹೋಗ್ತಾಳೆ. ಲಾರಿಯ ಹಾಗೆ 'ಕೀಂ ಕೀಂ' ಸದ್ದೊಂದು ಕಮ್ಮಿ.

ಸೆಟಲ್ ಆಗೋದು ಅಂದರೆ ಏನೇನನ್ನೋ ಅಳೆಯೋದು ಕಲಿಯೋದು. ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆ, ಮಧ್ಯಾಹ್ನದ ಮೀಟಿಂಗಿನ ತನಕ ಲ್ಯಾಪ್‌ಟಾಪ್ ಬರುತ್ತಾ. ಬೇಸಿಗೆಯಲ್ಲಿ ಸೋಲಾರ್ ಪ್ಯಾನೆಲ್ ಸಾಕಾಗಿ ಮಿಗುತ್ತೆ. ನವೆಂಬರ್ ಬಂದರೆ ಅದು ಚಾವಣಿಯ ಅಲಂಕಾರ ಅಷ್ಟೆ, ದಿನಾ ಎಂಜಿನ್ ಹಾಕಿ ಚಾರ್ಜ್ ಮಾಡಬೇಕು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ಎಂಜಿನ್ ಓಡಿಸಬಾರದು, ಅಕ್ಕಪಕ್ಕದವರಿಗೆ ನಿದ್ದೆ ಇರಬೇಕಲ್ಲ. ಟಾಯ್ಲೆಟ್ಟಿನ ಡಬ್ಬಿಯನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಹೋಗಿ ನಾವೇ ಖಾಲಿ ಮಾಡಬೇಕು. ಎಂಜಿನಿಯರಿಂಗ್ ಡಿಗ್ರಿ ಎಲ್ಲಿ ಉಪಯೋಗಕ್ಕೆ ಬಂತು ಅಂತ ಈ ಕೆಲಸ ಮಾಡುವಾಗ ಯಾರೂ ಕೇಳದಿದ್ದರೆ ಸಾಕು.

ಒಲೆ ವಿಷಯದಲ್ಲಿ ಮಾತ್ರ ನನಗೆ ಜಂಬ ಇತ್ತು. ಬಚ್ಚಲ ಒಲೆಗೆ ಬೆಂಕಿ ಹಾಕಿ ಬೆಳೆದವಳು ನಾನು. ಆದರೆ ದೋಣಿಯ ಕಬ್ಬಿಣದ ಒಲೆ ಮೊದಲ ದಿನವೇ ಗಾಜೆಲ್ಲ ಕಪ್ಪಾಗಿ ಹೊಗೆ ಉಗುಳಿತು. ಅಪ್ಪ ವಿಡಿಯೋ ಕಾಲಿನಲ್ಲಿ ನೋಡಿ, "ಎಂತ ಪುಟ್ಟಿ, ಹಸಿ ಸೌದೆ ಹಾಕಿದ್ಯಲ್ಲೇ" ಅಂದರು. ಏಳು ಸಾವಿರ ಕಿಲೋಮೀಟರಿಗೂ ಆಚೆಯಿಂದ ಡಯಾಗ್ನೋಸಿಸ್, ಹತ್ತು ಸೆಕೆಂಡಿನಲ್ಲಿ. ಈಗ ಕಲ್ಲಿದ್ದಲು, ಡೀಸೆಲ್ ಹೊತ್ತು ಮಾರುವ ದೋಣಿ ಬಂದಾಗ ಒಣಗಿದ ಸೌದೆಯನ್ನೂ ಕೇಳಿ ತಗೋತೀನಿ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡು ಇಟ್ಟಿದ್ದೀನಿ. ಇಷ್ಟು ಸಣ್ಣ ಜಾಗದಲ್ಲಿ ಅದಿಲ್ಲದೆ ಒಲೆ ಹಚ್ಚಬಾರದು.

ಇನ್ನೊಂದು ಲೆಕ್ಕ ಹದಿನಾಲ್ಕು ದಿನದ್ದು. ನನ್ನ ದೋಣಿಗೆ ಕಾಯಂ ಜಾಗ ಇಲ್ಲ. 1995ರ ಕಾನೂನಿನ ಪ್ರಕಾರ ಇಂಥ ದೋಣಿಗಳು ಒಂದೇ ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ, ಮುಂದಕ್ಕೆ ಹೋಗ್ತಾ ಇರಬೇಕು. ನಾನು ಲೇಟನ್ ಬಝರ್ಡ್‌ನಿಂದ ಸ್ಟೋಕ್ ಬ್ರೂಯರ್ನ್ ತನಕ, ಮಧ್ಯೆ ಕಾಸ್‌ಗ್ರೋವ್‌ನಲ್ಲಿ ನದಿಯ ಮೇಲೆ 1811ರಿಂದ ನಿಂತಿರುವ ಕಬ್ಬಿಣದ ತೊಟ್ಟಿಯ ಸೇತುವೆ ದಾಟಿ, ಹೋಗ್ತಾ ಬರ್ತಾ ಇರ್ತೀನಿ. ವೇಗದ ಮಿತಿ ಗಂಟೆಗೆ 4 ಮೈಲಿ. ಲಾಕ್ ಬಂದರೆ ನಾಯಿಗಳಿಬ್ಬರೂ ಒಳಗೆ, ಬಾಗಿಲು ಹಾಕಿಯೇ ಸೈ. ಅದು ನನ್ನ ಕಟ್ಟುನಿಟ್ಟಿನ ನಿಯಮ. ಅಪಾಯ ಇರೋದು ಲಾಕಿನಲ್ಲಿ ಅಂತಲೇ ನಾನು ನಂಬಿದ್ದೆ.

ನವೆಂಬರಿನ ಒಂದು ರಾತ್ರಿ ಹತ್ತೂವರೆ. ಕೆಂಚನನ್ನು ಮಲಗೋ ಮುಂಚೆ ಉಚ್ಚೆಗೆ ಬಿಡಬೇಕಿತ್ತು. ಎರಡೇ ನಿಮಿಷ ಅಲ್ವಾ ಅಂತ ಲೈಫ್ ಜಾಕೆಟ್ ಹಾಕಲಿಲ್ಲ. ಅಲ್ಲಿ ಕಾಲುವೆ ಬಾಣಲೆಯ ಹಾಗೆ, ಮಧ್ಯ ಆಳ, ಅಂಚು ಮೇಲೆ. ದೋಣಿ ದಡಕ್ಕೆ ಪೂರ್ತಿ ತಾಗಲ್ಲ, ಎರಡಡಿ ಸಂದು ಉಳಿದಿತ್ತು. ದಿನಾ ಹಾರುತ್ತಿದ್ದ ಸಂದೇ. ಅವತ್ತು ಅಂಚಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹಿಂಗಾಲು ಜಾರಿತು. ಸದ್ದು ಕೂಡ ದೊಡ್ಡದಾಗಿ ಆಗಲಿಲ್ಲ.

ನಾನು ಹೊಟ್ಟೆ ಮೇಲೆ ಮಲಗಿ ಕತ್ತಿನ ಪಟ್ಟಿ ಹಿಡಿದೆ. ಪಟ್ಟಿ ಕಳಚಿ ನನ್ನ ಕೈಗೇ ಬಂತು. ದೋಣಿ ಹದಿನೈದು ಟನ್ನಿಗಿಂತ ಭಾರ. ಅದು ತೇಲಿ ದಡದ ಕಡೆಗೆ ಬಂದರೆ ಮಧ್ಯೆ ಇರೋ ಪ್ರಾಣಿಯ ಗತಿ ಏನು ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು. ನಾನು ಕಿರುಚಿದ್ದು ಕನ್ನಡದಲ್ಲಿ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ದೋಣಿಯ ಅಜ್ಜ ತಲೆಗೆ ಟಾರ್ಚ್ ಕಟ್ಟಿಕೊಂಡು, ಕೆಳಗೆ ಪೈಜಾಮದಲ್ಲೇ ಓಡಿ ಬಂದರು. ಬಂದವರು ನಾಯಿಗೆ ಕೈ ಹಾಕಲಿಲ್ಲ. ಉದ್ದನೆಯ ಕೋಲು ಊರಿ ಮೊದಲು ದೋಣಿಯನ್ನು ದೂರ ತಳ್ಳಿ ಹಿಡಿದರು, ಆಮೇಲೆ ನನಗೆ ಇಳಿ ಅಂದರು. ಇಳಿದೆ. ನೀರು ನನ್ನ ತೊಡೆಯ ತನಕವೂ ಇರಲಿಲ್ಲ.

ಕೆಂಚನಿಗೆ ಏನೂ ಆಗಲಿಲ್ಲ. ಒಲೆ ಮುಂದೆ ಒರೆಸಿ ಕೂರಿಸಿದೆ, ಬೆಳಿಗ್ಗೆ ಡಾಕ್ಟರ್ ನೋಡಿದರು. ಕಾಲುವೆ ನೀರಿನಲ್ಲಿ ಇಲಿ ಜ್ವರದ ಭಯ ಇರುತ್ತೆ, ಪುಣ್ಯಕ್ಕೆ ಆ ಲಸಿಕೆ ಆಗಿತ್ತು. ಆದರೆ ಅವತ್ತಿನಿಂದ ಅವನು ಅಂಚಿಗೆ ಬರೋದೇ ನಿಲ್ಲಿಸಿದ. ಬಾಗಿಲ ತನಕ ಬಂದು, ಸಂದು ನೋಡಿ, ನಡುಗುತ್ತಾ ಕೂತುಬಿಡೋನು. ದಿನಕ್ಕೆ ನಾಲ್ಕು ಸಲ ಇಪ್ಪತ್ತೊಂದು ಕಿಲೋ ಎತ್ತಿಕೊಂಡು ನಾನೇ ದಾಟಬೇಕು, ಅದೂ ಮಂಜಿನಲ್ಲಿ. ಎತ್ತಲು ಬಂದರೆ ಮಂಚದಡಿ ಸೇರೋನು. ಊಟ ಅರ್ಧಕ್ಕಿಳಿಯಿತು. ಬೆಳ್ಳಿ ಮಾತ್ರ ಉದ್ದ ಕಾಲಿನಲ್ಲಿ ಒಂದೇ ದಾಪು ಹಾಕಿ ದಾಟಿ, ಆ ಕಡೆಯಿಂದ ಇವನನ್ನು ನೋಡ್ತಾ ನಿಲ್ಲೋಳು.

ಒಂದು ವಾರ ಕಳೆದ ಮೇಲೆ ನಾನು ಮಿಲ್ಟನ್ ಕೀನ್ಸ್‌ನ ಕನ್ನಡದ ಕುಟುಂಬವೊಂದಕ್ಕೆ ಫೋನ್ ಮಾಡಿದೆ. ಹಿತ್ತಲಿರುವ ಮನೆ, ಇಬ್ಬರು ಮಕ್ಕಳು, ಕೆಂಚ ಅಂದರೆ ಪ್ರಾಣ. "ಶನಿವಾರ ಕರ್ಕೊಂಡು ಬನ್ನಿ, ನೋಡ್ಕೊಳ್ತೀವಿ" ಅಂದರು. ಫೋನ್ ಇಟ್ಟ ಮೇಲೆ ಅವನ ಮುಖ ನೋಡಲಾಗಲಿಲ್ಲ. ಅವನಿಗೋಸ್ಕರ ದೋಣಿ ತಗೊಂಡೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ನಿಜವಾಗಿ ನನಗೆ ಒಂಟಿತನ ಕಳೆಯಲು ಅವನು ಬೇಕಿತ್ತು, ಅದಕ್ಕೆ ಅವನನ್ನು ಪೆಟ್ಟಿಗೆಯಲ್ಲಿ ತುಂಬಿ ತರಿಸಿಕೊಂಡೆನಾ? ಊರಿನ ಅಂಗಳದಲ್ಲಿ ಆರಾಮಾಗಿ ಬಿಸಿಲು ಕಾಯಿಸುತ್ತಿದ್ದವನಲ್ವಾ ಅವನು.

ಗುರುವಾರ ಅಪ್ಪನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಸಂಕ ಹಾಕಿದ್ಯಾ?"

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೀನಿ. ಸಂಕ ಅಂದರೆ ಹಳ್ಳ ದಾಟಲು ಹಾಕುವ ಮರದ ಕಾಲುಸೇತುವೆ. ನಮ್ಮ ತೋಟಕ್ಕೆ ಹೋಗುವ ಹಳ್ಳಕ್ಕೆ ಅಡಿಕೆ ಮರದ ಎರಡು ದಿಮ್ಮಿ ಹಾಕಿ, ಮೇಲೆ ಅಡ್ಡಡ್ಡ ದಬ್ಬೆ ಹೊಡೆದಿದ್ದಾರೆ. "ಇಲ್ಲಿದ್ದ ಅಷ್ಟೂ ದಿನ ಅವ ಮಳೆಗಾಲದಲ್ಲೂ ಅದ್ರ ಮೇಲೆ ನನ್ನ ಮುಂದೆ ಓಡಿ ಹೋಗ್ತಿದ್ದ. ಅವನಿಗೆ ನೀರು ಕಂಡ್ರೆ ಹೆದರಿಕೆ ಅಲ್ಲ ಮಗಾ, ಹಾರಲಿಕ್ಕೆ ಹೆದರಿಕೆ" ಅಂದರು.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹಲಗೆ ನನ್ನ ದೋಣಿಯ ಚಾವಣಿ ಮೇಲೇ ಇತ್ತು! ಕೋಲು, ಕೊಕ್ಕೆ ಜೊತೆ ದೋಣಿ ಮಾರಿದವರೇ ಬಿಟ್ಟು ಹೋಗಿದ್ದು. ನಾನು ಎಂಟು ತಿಂಗಳಿಂದ ಹಾರಿಕೊಂಡೇ ಓಡಾಡುತ್ತಿದ್ದವಳು, ಅದನ್ನು ಇಳಿಸಿಯೇ ಇರಲಿಲ್ಲ. ಇಳಿಸಿ ಇಟ್ಟರೆ ಪಾಚಿ ಹಿಡಿದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರುತ್ತಿತ್ತು. ಅಪ್ಪ ಫೋನಿನಲ್ಲೇ ಮೇಸ್ತ್ರಿಯಾದರು. ಹಲಗೆ ಉಜ್ಜಿಸಿದರು, ಗೇಣಿಗೊಂದರಂತೆ ಅಡ್ಡಪಟ್ಟಿ ಹೊಡೆಸಿದರು. ಕಾಲಿಗೆ ಹಿಡಿತ ಸಿಗಲಿ ಅಂತ ಅಂಗಡಿಯಿಂದ ಕಾಲೊರೆಸುವ ತೆಂಗಿನ ನಾರಿನ ಚಾಪೆ ಎರಡು ತಂದು ಕತ್ತರಿಸಿ ಮಧ್ಯೆ ಮಧ್ಯೆ ಹೊಡೆದೆ. ಪಕ್ಕದ ಅಜ್ಜ ಒಂದು ಡ್ರಿಲ್ಲು, ಎರಡು ಕಪ್ ಚಹಾ ಕೊಟ್ಟು ಸಹಕರಿಸಿದರು. ಒಟ್ಟು ಮೂರು ಗಂಟೆ ಕೆಲಸ, ಎರಡು ಮೀಟಿಂಗ್ ಕ್ಯಾಮೆರಾ ಆಫ್.

ಶುಕ್ರವಾರ ಬೆಳಿಗ್ಗೆ ಹಲಗೆ ಹಾಕಿ, ಅಲುಗದ ಹಾಗೆ ಹಗ್ಗದಲ್ಲಿ ಬಿಗಿದು, ನಾನು ದಡದಲ್ಲಿ ಕೂತೆ. ಕರೆಯಬೇಡ ಅಂತ ಅಪ್ಪ ಹೇಳಿದ್ದರು. ಕೆಂಚ ಬಾಗಿಲಿಗೆ ಬಂದ. ಹಲಗೆಯನ್ನು ಈ ತುದಿಯಿಂದ ಕೈಗೆಟುಕುವಷ್ಟು ದೂರ ಮೂಸಿದ. ತೆಂಗಿನ ನಾರನ್ನು ಬಹಳ ಹೊತ್ತು ಮೂಸಿದ. ಒಂದು ಕಾಲು ಇಟ್ಟ, ತೆಗೆದ. ಒಳಗೆ ಹೋದ. ಸ್ಟ್ಯಾಂಡಪ್ ಮೀಟಿಂಗಿಗೆ ನಾಲ್ಕು ನಿಮಿಷ ಇತ್ತು. ನಾನು ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದಾಗ ಹಲಗೆ ಮೇಲೆ ಉಗುರಿನ ಸದ್ದು ಕೇಳಿತು. ಬಂದವನು ನನ್ನ ಕಡೆ ನೋಡಲೂ ಇಲ್ಲ, ನೇರ ಬೇಲಿಯ ಬುಡಕ್ಕೆ ಹೋಗಿ ಕಾಲೆತ್ತಿದ. ಪಾಪ, ಅರ್ಜೆಂಟ್ ಇತ್ತು ಅನ್ಸುತ್ತೆ.

ಮಿಲ್ಟನ್ ಕೀನ್ಸ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ಮನೆಯ ಮಕ್ಕಳಿಗೆ ನಿರಾಸೆಯಾಯಿತು, ಈಗ ಅವರೇ ತಿಂಗಳಿಗೊಮ್ಮೆ ದೋಣಿಗೆ ಬರ್ತಾರೆ. ಹದಿಮೂರನೇ ದಿನ ನಾವು ಹಗ್ಗ ಬಿಚ್ಚಿ ಹೊರಟೆವು. ಎಲ್ಲಿ ನಿಂತರೂ ಗೂಟ ಹೊಡೆದ ಮೇಲಿನ ಮೊದಲ ಕೆಲಸ ಸಂಕ ಹಾಕೋದು. ಕೆಂಚ ಲೈಫ್ ಜಾಕೆಟ್ ತೊಟ್ಟು ಹಿಂದೆ ನಿಂತು ಅದನ್ನು ಮೇಲ್ವಿಚಾರಣೆ ಮಾಡ್ತಾನೆ. ಬೆಳ್ಳಿ ಇವತ್ತಿಗೂ ಸಂಕ ಮುಟ್ಟಲ್ಲ, ಅವಳಿಗೆ ತೆಂಗಿನ ನಾರು ಚುಚ್ಚುತ್ತಂತೆ ಕಾಣುತ್ತೆ.

ಸಂಕದ ಫೋಟೋ ಈಗ ಊರಿನ ಮನೆ ಗ್ರೂಪಿನ ಡಿಪಿ. ಈ ಸಲದ ಬೇಸಿಗೆಗೆ ಅಪ್ಪ ಅಮ್ಮ ಇಬ್ಬರೂ ಬರ್ತಿದ್ದಾರೆ. ವೀಸಾ ಬಂದ ದಿನ ಅಮ್ಮ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕೈ ಹಿಡ್ಕೊಳ್ಳೋಕೆ ಬದಿಗೆ ಒಂದು ಹಗ್ಗ ಕಟ್ಟಿಲ್ವಾ ಮಾರಾಯ್ತಿ?"