ಮೊಸಳೆಯ ದಾರಿಯ ಹುರುಳಿ

ಮೈಸೂರಿನಿಂದ ಹಾಸನಕ್ಕೆ ಹೊರಟ ರೈಲು ಅಕ್ಕಿಹೆಬ್ಬಾಳಿನ ಬಳಿ ಹೇಮಾವತಿಯನ್ನು ದಾಟುವಾಗ ಹೊಳೆಯ ಮೇಲೆ ಇನ್ನೂ ಮಂಜಿತ್ತು. ಡಿಸೆಂಬರ್ ಕೊನೆಯ ವಾರ. ಈ ನೀರು ಮುಂದೆ ಕಾವೇರಿಗೆ ಸೇರಿ ತಿ. ನರಸೀಪುರದ ಸಂಗಮಕ್ಕೆ ಹೋಗುತ್ತದೆ. ಅಲ್ಲಿ ಅಗೆದಾಗ ನವಶಿಲಾಯುಗದವರ ನುಣುಪಾದ ಕಲ್ಲುಕೊಡಲಿಗಳೂ ಮಡಕೆಗಳೂ ಸಿಕ್ಕಿದ್ದವು.

ಮೊಸಳೆ ಹೊಸಹಳ್ಳಿಯಲ್ಲಿ ಇಳಿದು ಮೊಸಳೆ ಎಂಬ ಊರಿಗೆ ಆಟೋ ಹತ್ತಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ತುಂಬ ಒಣಗಿದ ಹುರುಳಿ ಗಿಡ. ಚಕ್ರದಡಿ ಕಾಯಿ ಚಟಚಟ ಬಿರಿಯಿತು. ಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಅಜ್ಜಿ, “ಇನ್ನೊಂದ್ಸಲ ಹತ್ತಿಸ್ಕೊಂಡು ಹೋಗಪ್ಪ” ಎಂದರು. ನಾನು ಇಳಿದೆ.

“ಈ ಸಲ ಫಸಲು ಹೇಗಜ್ಜಿ?”

“ಮಳೆ ಮೋಸ ಮಾಡಿದ್ರೂ ಹುರುಳಿ ಮೋಸ ಮಾಡಲ್ಲ ಕಣಪ್ಪ. ಕಾಳು ನಮ್ಗೆ, ಹೊಟ್ಟು ದನಕ್ಕೆ.”

ದಕ್ಷಿಣದ ಮೊದಲ ಬೇಸಾಯಗಾರರ ಬದುಕೆಲ್ಲ ಆ ಒಂದು ಮಾತಿನಲ್ಲಿತ್ತು. ಅವರು ಮೊದಲು ದನಗಾಹಿಗಳು. ಸುಮಾರು 5,000 ವರ್ಷಗಳ ಹಿಂದೆ ದನ ಕೂಡಿಹಾಕುತ್ತಿದ್ದ ಜಾಗದಲ್ಲಿ ಸಗಣಿ ರಾಶಿಗೆ ಬೆಂಕಿ ಹಚ್ಚಿದರು. ಆ ಬೂದಿದಿಬ್ಬಗಳು ಬಳ್ಳಾರಿಯ ಕುಡತಿನಿಯಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ಉಳಿದಿವೆ. ಸಂಗನಕಲ್ಲು, ಹಳ್ಳೂರುಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಿಯಾದ ಕಾಳುಗಳು ಸಿಕ್ಕವು: ಹುರುಳಿ, ಹೆಸರು, ಕೊರಲೆ. ಇರಾಕ್‌ನ ನದಿಬಯಲಿನ ಊರುಗಳು ಗೋಧಿ, ಬಾರ್ಲಿಯ ಮೇಲೆ ನಿಂತು ನಗರಗಳಾದವು. ನಮ್ಮಲ್ಲಿ ಆಗ ನಗರ ಏಳಲಿಲ್ಲ, ನಿಜ. ಆದರೆ ಬೇಸಾಯವನ್ನು ಯಾರೋ ತಂದುಕೊಟ್ಟರು ಎಂದು ನಾವು ಶಾಲೆಯಿಂದ ಹೊತ್ತುಬಂದ ಮಾತನ್ನು ಬಿಡಬೇಕು. ಕಣದ ಪಕ್ಕ ಮೆದೆ ಹಾಕಿದ್ದ ರಾಗಿ ಆಫ್ರಿಕದಿಂದ ಬಂದದ್ದು, ಹಾಸನಕ್ಕೆ ಹೆಸರು ತಂದ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು, ಮುಸುಕಿನ ಜೋಳ ಮೆಕ್ಸಿಕೋದ್ದು. ಹುರುಳಿ ಮಾತ್ರ ಈ ನೆಲದಲ್ಲೇ ಕಾಡಿನಿಂದ ಹೊಲಕ್ಕೆ ಇಳಿದ ಬೆಳೆ.

ಊರು ಸೇರಿದಾಗ ಬಿಸಿಲೇರಿತ್ತು. ಅಕ್ಕಪಕ್ಕದಲ್ಲಿ ಎರಡು ದೇಗುಲಗಳು, ನಾಗೇಶ್ವರ ಮತ್ತು ಚೆನ್ನಕೇಶವ. ನಡುವೆ ಕೆಲವೇ ಹೆಜ್ಜೆಗಳ ಅಂತರ, ಅಳತೆ ಆಕಾರಗಳಲ್ಲಿ ಅವಳಿ ಮಕ್ಕಳಂತೆ. 1200ರ ಸುಮಾರಿಗೆ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ್ದು. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ; ಹೊರಗೋಡೆಯ ಒಂದೊಂದು ಮೂರ್ತಿಯ ಮುಂದೆಯೂ ಮನದಣಿಯೆ ನಿಲ್ಲಬಹುದು. ನನಗೆ ಹಿಡಿಸಿದ್ದು ಒಳಗಿನ ನವರಂಗದ ಮಾಳಿಗೆ. ತಲೆಯೆತ್ತಿ ಕತ್ತು ನೋಯುವವರೆಗೂ ನೋಡಿದೆ.

ಬಳಪದ ಕಲ್ಲನ್ನು ಇಷ್ಟು ನಯವಾಗಿ ಕೊರೆಯುತ್ತ ಕುಳಿತವರು ಆ ದಿನಗಳಲ್ಲಿ ಉಳಲಿಲ್ಲ, ಬಿತ್ತಲಿಲ್ಲ. ಅವರ ಊಟ ಇನ್ನೊಬ್ಬರ ಕಣದಿಂದ ಬರಬೇಕಿತ್ತು. ನಾಗರಿಕತೆ ಎನ್ನುವುದು ಶುರುವಾಗುವುದು ಅಲ್ಲಿ, ಉಂಡು ಮಿಕ್ಕ ಕಾಳಿನಲ್ಲಿ. ಹಾಗೆ ಮಿಗಿಸಿಕೊಳ್ಳಲು ಈ ಸೀಮೆಯವರು ಕೆರೆ ಕಟ್ಟಿ, ತೂಬಿಟ್ಟು ಗದ್ದೆ ಮಾಡಿದರು. ಇದೇ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು 450ರದೆಂದು ಹೇಳುವ ಶಾಸನದಲ್ಲೇ ಗದ್ದೆಯ ಮಾತಿದೆ, ಅದರ ಹತ್ತರಲ್ಲೊಂದು ಪಾಲನ್ನು ದಾನ ಬಿಟ್ಟ ಮಾತಿದೆ. ಹೊಯ್ಸಳರ ಶಾಸನಗಳು ದೇವರಿಗೆ ಬಿಟ್ಟ ಭೂಮಿಯನ್ನು ಸಲಗೆ, ಕೊಳಗಗಳಲ್ಲಿ ಲೆಕ್ಕ ಹಾಕುತ್ತವೆ. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ನೆಲ! ಕಾಳಿನ ಅಳತೆಯೇ ಭೂಮಿಯ ಅಳತೆ. ಶಾಸನಗಳಲ್ಲಿ ರಾಜನ ಹೆಸರುಂಟು, ದಾನಿಯ ಹೆಸರುಂಟು, ಎಷ್ಟೋ ಕಡೆ ರೂವಾರಿಯ ಹೆಸರೂ ಉಂಟು. ಆ ಬೀಜ ಬಿತ್ತಿದವರ ಹೆಸರನ್ನು ಕೊರೆಯುವುದು ತೀರ ಅಪರೂಪ. ಅದು ನನ್ನನ್ನು ದಾರಿಯುದ್ದಕ್ಕೂ ಕಾಡಿತು.

ಹಿಂತಿರುಗುವಾಗ ಅಜ್ಜಿ ರಾಶಿ ತೂರುತ್ತಿದ್ದರು. ಒಂದು ಸೇರು ಹುರುಳಿ ಕೊಂಡೆ. ಮೇಲೊಂದು ಬೊಗಸೆ ಹಾಕಿದರು.

ಬೇಲೂರು, ಹಳೇಬೀಡಿಗೆ ಹೋಗುವವರು ಹಾಸನದಿಂದ ಹತ್ತು–ಹನ್ನೆರಡು ಕಿಲೋಮೀಟರ್ ದೂರದ ಮೊಸಳೆಗೂ ಅರ್ಧ ದಿನ ಇಟ್ಟುಕೊಳ್ಳಿ. ದೇಗುಲ ನೋಡಿದ ಮೇಲೆ ಅಲ್ಲಿನ ಹೊಲದ ಬದುವಿನ ಮೇಲೂ ನಾಲ್ಕು ಹೆಜ್ಜೆ ನಡೆದು ಬನ್ನಿ.