ತುಳಸಿಗೊಂದು ಟ್ಯೂಬ್‌ಲೈಟು

2008ರ ಚಳಿಗಾಲವನ್ನು ನಾವಿಬ್ಬರೂ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದ ಮಗಳ ಮನೆಯಲ್ಲಿ ಕಳೆದೆವು. ಕಿಟಕಿಯ ಬಳಿಯ ಕುಂಡದಲ್ಲಿ ಒಂದು ತುಳಸಿ ಗಿಡವಿತ್ತು. ಅದರ ಬೀಜ ನನ್ನ ಪತ್ನಿಯ ತವರುಮನೆಯ ಬೃಂದಾವನದ್ದು. ಆ ಮನೆ ಮಾರಾಟವಾಗಿ ಬೃಂದಾವನವೂ ಇಲ್ಲವಾಗಿತ್ತು. ಹಿಂದಿನ ಎರಡು ಚಳಿಗಾಲಗಳಲ್ಲಿ ಮಗಳ ಗಿಡಗಳು ಒಣಗಿದ್ದವು. ಉಳಿದಿದ್ದ ಕೊನೆಯ ಚಿಟಿಕೆ ಬೀಜದಿಂದ ಹುಟ್ಟಿದ್ದು ಇದೊಂದೇ. ತಡವಾಗಿ ಬಿತ್ತಿದ್ದರಿಂದ ಕದಿರು ಬಿಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಹಗಲೆಂದರೆ ಒಂಬತ್ತು ಗಂಟೆ, ಅದೂ ಮೋಡದ ಹಗಲು. ಎಲೆಗಳು ಉದುರತೊಡಗಿದವು.

“ವಿಜ್ಞಾನದ ಮೇಷ್ಟ್ರಲ್ಲವೇ ನೀವು, ಏನಾದರೂ ಮಾಡಿ” ಎಂದಳು ಪತ್ನಿ.

ಅಂಗಡಿಯಲ್ಲಿ ‘ಗಿಡದ ದೀಪ’ವೆಂಬ ನೇರಳೆ ಛಾಯೆಯ ಕೊಳವೆಗಳಿದ್ದವು, ಬೆಲೆ ಸಾಮಾನ್ಯ ಕೊಳವೆಯ ಹಲವು ಪಟ್ಟು. ಅವು ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಕೊಳವೆಯೊಳಗಿನ ಪಾದರಸದ ಆವಿ ಹೊಮ್ಮಿಸುವ ಅತಿನೇರಳೆ ಕಿರಣವನ್ನು ಗಾಜಿನ ಒಳಮೈಯ ಲೇಪ ಬೆಳಕಾಗಿ ಮಾರ್ಪಡಿಸುತ್ತದೆ. ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಆ ಲೇಪವೇ. ಎಲೆಯ ಪತ್ರಹರಿತ್ತು ಹೆಚ್ಚಾಗಿ ಹೀರುವುದು ನೀಲಿ ಮತ್ತು ಕೆಂಪು ಬೆಳಕನ್ನು. 6500 ಕೆಲ್ವಿನ್‌ನ ಬಿಳಿ ಕೊಳವೆಯಲ್ಲಿ ನೀಲಿ ಹೆಚ್ಚು, 3000 ಕೆಲ್ವಿನ್‌ನ ಹಳದಿ ಛಾಯೆಯದರಲ್ಲಿ ಕೆಂಪು ಹೆಚ್ಚು. ಒಂದೊಂದನ್ನು ಕೊಂಡರೆ ಸಾಕು. ಕೊಳವೆಯ ಮೇಲೆ 865 ಎಂದಿದ್ದರೆ ಕೊನೆಯ ಎರಡಂಕಿ 6500 ಕೆಲ್ವಿನ್ ಎಂದೇ ಅರ್ಥ. ಲ್ಯೂಮೆನ್ ಲೆಕ್ಕವನ್ನಷ್ಟೇ ನೋಡಿ ಕೊಳ್ಳಬಾರದು. ಅದು ಹಸಿರನ್ನು ಚೆನ್ನಾಗಿ ಕಾಣುವ ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ.

ಬಣ್ಣಕ್ಕಿಂತ ಮುಖ್ಯವಾದುದು ದೂರ. ಛಾವಣಿಯ ಟ್ಯೂಬ್‌ಲೈಟು ನಮಗೆ ಓದಲು ಸಾಲುತ್ತದೆ, ಗಿಡಕ್ಕೆ ಅದು ಉಪವಾಸ. ಈ ಕೊಳವೆ ಹೆಚ್ಚು ಬಿಸಿಯಾಗದ ಕಾರಣ ಎಲೆಗಳಿಂದ ನಾಲ್ಕು ಅಂಗುಲ ಮೇಲೆ, ಸರಪಳಿಯಲ್ಲಿ ತೂಗುಹಾಕಿದೆ. ಗಿಡ ಬೆಳೆದಂತೆ ಮೇಲೆತ್ತಬಹುದು. ಕೊಳವೆಯ ತುದಿಗಳಲ್ಲಿ ಬೆಳಕು ಕ್ಷೀಣ, ಆದ್ದರಿಂದ ಕುಂಡ ನಡುವಿಗೆ ಬಂತು. 32 ವಾಟಿನ ಎರಡು ಕೊಳವೆಗಳು ದಿನಕ್ಕೆ 14 ಗಂಟೆ ಉರಿದರೂ ಒಂದು ಯೂನಿಟ್ ವಿದ್ಯುತ್ತು ಖರ್ಚಾಗದು.

ಮೂರು ವಾರದಲ್ಲಿ ಚಿಗುರು ಬಂತು. ಮಾರ್ಚಿನಲ್ಲಿ ಪತ್ನಿ ಒಣಗಿದ ಕದಿರನ್ನು ಅಂಗೈಯಲ್ಲಿ ಉಜ್ಜಿ, ಬೀಜವನ್ನು ಮೂರು ಪೊಟ್ಟಣ ಕಟ್ಟಿದಳು. ಒಂದು ಮಗಳಿಗೆ, ಒಂದು ನಮಗೆ, ಇನ್ನೊಂದು ತವರಿನ ತಮ್ಮನಿಗೆ.

ಈಗ ಕೊಳ್ಳುವವರು ಎಲ್‌ಇಡಿಯನ್ನೇ ಕೊಳ್ಳಲಿ; ಬಣ್ಣ ಮತ್ತು ದೂರದ ವಿಚಾರ ಅಲ್ಲಿಯೂ ಇದೆ, ದೂರವನ್ನು ಮಾತ್ರ ದೀಪದ ಪ್ರಖರತೆ ನೋಡಿ ನಿರ್ಧರಿಸಬೇಕು. ಪಾದರಸದ ದೆಸೆಯಿಂದ, ಸಾಮಾನ್ಯ ಬೆಳಕಿಗೆ ಬಳಸುವ ಫ್ಲೋರೆಸೆಂಟ್ ಕೊಳವೆಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ಮಿನಮಾಟ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ನಿರ್ಧರಿಸಿದವು. ಮನೆಯಲ್ಲಿ ಹಳೆಯ ಕೊಳವೆಗಳಿದ್ದರೆ ಒಡೆದು ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.